ಮನೆಗೆ ಬಿಸಿ, ನೆರೆಗೆ ಬೆಳಕು

ಚಳಿ ಎಂದಾಗ ನಿಮಗೆ ಏನು ನೆನಪಾಗುತ್ತದೆ? ನಮ್ಮ ನಾಡಿನಲ್ಲಿ ಚಳಿಗೆ ಒಂದು ದಪ್ಪ ಹೊದಿಕೆ ಸಾಕು. ಬೀದರಿನಲ್ಲೋ ಚಿಕ್ಕಮಗಳೂರಿನಲ್ಲೋ ಡಿಸೆಂಬರ್ ತಿಂಗಳ ಬೆಳಗ್ಗೆ ಸ್ವಲ್ಪ ನಡುಗಿದರೂ ಹತ್ತು ಗಂಟೆಗೆ ಬಿಸಿಲು ಬಂದು ಎಲ್ಲವನ್ನೂ ಮರೆಸಿಬಿಡುತ್ತದೆ. ಕರಾವಳಿಯವರಿಗಂತೂ ಫ್ಯಾನಿಲ್ಲದೆ ನಿದ್ದೆ ಬರುವುದೇ ಕಷ್ಟ. ಆದ್ದರಿಂದ 'ಮನೆಯನ್ನು ಬಿಸಿ ಮಾಡುವುದು' ಎಂಬ ಮಾತು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ.

ಆದರೆ ಜರ್ಮನಿಯಂತಹ ದೇಶದಲ್ಲಿ ಇದು ಅನ್ನ ನೀರಿನಷ್ಟೇ ಮುಖ್ಯವಾದ ವಿಷಯ. ಅಲ್ಲಿ ವರ್ಷದ ಆರೇಳು ತಿಂಗಳು ಮನೆಯ ಕೋಣೆಗಳನ್ನು ಬಿಸಿಯಾಗಿ ಇಡಲೇಬೇಕು. ಇಲ್ಲದಿದ್ದರೆ ಕೊಳವೆಯಲ್ಲಿ ನೀರು ಹೆಪ್ಪುಗಟ್ಟುತ್ತದೆ, ಗೋಡೆಗೆ ಬೂಸ್ಟು ಹಿಡಿಯುತ್ತದೆ, ಮಕ್ಕಳು ಮತ್ತು ವೃದ್ಧರು ಕಾಯಿಲೆ ಬೀಳುತ್ತಾರೆ. ಒಂದು ಜರ್ಮನ್ ಮನೆ ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೋಣೆ ಬಿಸಿ ಮಾಡುವುದಕ್ಕೇ ಹೋಗುತ್ತದೆ. ದೀಪ, ಟಿ.ವಿ., ಫ್ರಿಜ್, ಅಡುಗೆ ಎಲ್ಲವೂ ಸೇರಿದರೂ ಅದರ ಮುಂದೆ ಚಿಕ್ಕದು. ನಮ್ಮ ರಾಜ್ಯದಿಂದ ಉದ್ಯೋಗಕ್ಕೆ, ಓದಿಗೆ ಅಲ್ಲಿಗೆ ಹೋದವರು ಮೊದಲ ಚಳಿಗಾಲದ ಬಿಲ್ಲು ಕಂಡು ಬೆಚ್ಚಿಬೀಳುವುದು ಇದೇ ಕಾರಣಕ್ಕೆ.

ಈ ಬಿಸಿ ಎಲ್ಲಿಂದ ಬರುತ್ತದೆ? ಜರ್ಮನಿಯ ಮನೆಗಳಲ್ಲಿ ಸುಮಾರು ಅರ್ಧದಷ್ಟು ಕೊಳವೆಯಲ್ಲಿ ಬರುವ ಅನಿಲವನ್ನು ಉರಿಸುತ್ತವೆ. ಸುಮಾರು ಕಾಲು ಭಾಗದಷ್ಟು ಮನೆಗಳು ನೆಲಮಾಳಿಗೆಯಲ್ಲಿ ಎಣ್ಣೆಯ ಟ್ಯಾಂಕು ಇಟ್ಟುಕೊಂಡು ಎಣ್ಣೆ ಉರಿಸುತ್ತವೆ. ಬಾಯ್ಲರಿನಲ್ಲಿ ಕಾದ ನೀರು ಕೋಣೆ ಕೋಣೆಗೆ ಹರಿದು, ಗೋಡೆಗೆ ಹೊಂದಿಸಿದ ಕಬ್ಬಿಣದ ಪಟ್ಟಿಗಳನ್ನು ಬಿಸಿ ಮಾಡುತ್ತದೆ. ದಶಕಗಳ ಕಾಲ ಯಾರೂ ಇದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಅನಿಲ ಅಗ್ಗವಾಗಿತ್ತು, ಬಾಗಿಲಿಗೆ ಬರುತ್ತಿತ್ತು. ಅದು ಯಾರ ಕೈಯಿಂದ ಬರುತ್ತಿದೆ ಎಂದು ಕೇಳುವ ಅಗತ್ಯವೇ ಕಂಡಿರಲಿಲ್ಲ.

ಒಂದು ಚಳಿಗಾಲ ಕಲಿಸಿದ ಪಾಠ

2022ರ ಫೆಬ್ರವರಿ 24ರಂದು ರಷ್ಯಾವು ಉಕ್ರೇನಿನ ಮೇಲೆ ದಾಳಿ ಮಾಡಿತು. ಅದಕ್ಕೆ ಹಿಂದಿನ ವರ್ಷ ಜರ್ಮನಿಯು ಆಮದು ಮಾಡಿದ ಅನಿಲದಲ್ಲಿ ಅರ್ಧಕ್ಕಿಂತಲೂ ಹೆಚ್ಚು ರಷ್ಯಾದಿಂದಲೇ ಬಂದಿತ್ತು. ಅನಿಲದ ಹರಿವು ಕ್ರಮೇಣ ಕಡಿಮೆಯಾಗುತ್ತಾ ಬಂದು, ಆಗಸ್ಟ್ ತಿಂಗಳ ಕೊನೆಗೆ ಬಾಲ್ಟಿಕ್ ಸಮುದ್ರದಡಿಯ ನಾರ್ಡ್ ಸ್ಟ್ರೀಮ್ ಕೊಳವೆಯಲ್ಲಿ ಪೂರ್ಣವಾಗಿ ನಿಂತಿತು. ಸೆಪ್ಟೆಂಬರ್ 26ರಂದು ಆ ಕೊಳವೆಗಳೇ ಸ್ಫೋಟಕ್ಕೆ ತುತ್ತಾದವು. ಬೆಲೆ ಗಗನಕ್ಕೇರಿತು. ಸರಕಾರಿ ಕಚೇರಿಗಳನ್ನು 19 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಬಾರದೆಂದು ಆಜ್ಞೆ ಹೊರಟಿತು. 2023ರಲ್ಲಿ ಮನೆಗಳ ಅನಿಲಕ್ಕೆ, ಹಿಂದಿನ ಬಳಕೆಯ ಶೇ. 80ರಷ್ಟರ ಮಟ್ಟಿಗೆ, ಯೂನಿಟಿಗೆ 12 ಸೆಂಟ್ ಎಂಬ ಮಿತಿಯನ್ನು ಸರಕಾರವೇ ಹಾಕಿ ಉಳಿದ ಹೊರೆಯನ್ನು ಹೊರಬೇಕಾಯಿತು.

ಜಗತ್ತಿನ ಶ್ರೀಮಂತ ರಾಷ್ಟ್ರಗಳಲ್ಲಿ ಒಂದಾದ ಜರ್ಮನಿಯ ಮಧ್ಯಮ ವರ್ಗದ ತಾಯಂದಿರು ಆ ವರ್ಷ ಮಕ್ಕಳಿಗೆ ಮನೆಯೊಳಗೇ ಸ್ವೆಟರ್ ತೊಡಿಸಿದರು. ನೂರಾರು ಮೈಲಿ ಆಚೆಯ ಯುದ್ಧವೊಂದು ಮನೆಯ ಮಲಗುವ ಕೋಣೆಯವರೆಗೆ ಬರಬಲ್ಲದು ಎಂದು ಆಗ ಅವರಿಗೆ ಅರ್ಥವಾಯಿತು. ಹಾಗಾದರೆ ಮನೆಯ ಬಿಸಿಯನ್ನು ಬೇರೆಯವರ ಕೊಳವೆಯಿಂದ ಬಿಡಿಸಿಕೊಳ್ಳುವುದು ಹೇಗೆ? ಅದಕ್ಕೆ ಎರಡು ಉತ್ತರಗಳು ಸಿದ್ಧವಾಗಿದ್ದವು. ಒಂದು, ವಿದ್ಯುತ್ತಿನಿಂದ ಮನೆ ಬಿಸಿ ಮಾಡುವ ಯಂತ್ರ. ಇನ್ನೊಂದು, ಛಾವಣಿಯ ಮೇಲೆ ವಿದ್ಯುತ್ ತಯಾರಿಸಿ, ಮಿಕ್ಕಿದ್ದನ್ನು ವಿದ್ಯುತ್ ಕಂಪೆನಿಗೇ ಮಾರುವ ವ್ಯವಸ್ಥೆ. ಇವೆರಡೂ ಹೊಸ ಸಂಶೋಧನೆಗಳೇನಲ್ಲ. ಎರಡಕ್ಕೂ ದೀರ್ಘ ಇತಿಹಾಸವಿದೆ.

ತಿರುಗಿಸಿಟ್ಟ ಫ್ರಿಜ್

ವಿದ್ಯುತ್ತಿನಿಂದ ಬಿಸಿ ಮಾಡುವುದು ಎಂದಾಗ ನಮಗೆ ನೆನಪಾಗುವುದು ಬಕೆಟಿಗೆ ಇಳಿಬಿಡುವ ಕಾಯಿಲ್ ಅಥವಾ ಬಚ್ಚಲಿನ ಗೀಸರ್. ಅದರಲ್ಲಿ ಒಂದು ಯೂನಿಟ್ ವಿದ್ಯುತ್ ಹಾಕಿದರೆ ಒಂದು ಯೂನಿಟ್ ಶಾಖ ಸಿಗುತ್ತದೆ. ಅದಕ್ಕಿಂತ ಹೆಚ್ಚು ಸಿಗಲು ಸಾಧ್ಯವಿಲ್ಲ. ಜರ್ಮನಿಯಂತಹ ದೇಶದಲ್ಲಿ ಇಡೀ ಮನೆಯನ್ನು ಹೀಗೆ ಬಿಸಿ ಮಾಡಲು ಹೊರಟರೆ ಮನೆ ಮಾರಬೇಕಾದೀತು.

ಹೀಟ್ ಪಂಪ್ ಎಂಬ ಯಂತ್ರದ ಜಾಣ್ಮೆ ಬೇರೆ. ನಿಮ್ಮ ಅಡುಗೆಮನೆಯ ಫ್ರಿಜ್ಜಿನ ಹಿಂಬದಿಗೆ ಕೈ ಇಟ್ಟು ನೋಡಿದ್ದೀರಾ? ಅಲ್ಲಿ ಬೆಚ್ಚಗಿರುತ್ತದೆ. ಫ್ರಿಜ್ ಒಳಗಿನ ಶಾಖವನ್ನು ಎಳೆದು ಹೊರಗೆ ಬಿಡುತ್ತದೆ. ಹೀಟ್ ಪಂಪ್ ಇದನ್ನೇ ತಿರುಗಿಸಿ ಮಾಡುತ್ತದೆ. ಅದು ಹೊರಗಿನ ತಣ್ಣನೆಯ ಗಾಳಿಯಲ್ಲಿ ಅಥವಾ ನೆಲದಡಿಯಲ್ಲಿ ಇರುವ ಶಾಖವನ್ನು ಎಳೆದು ಮನೆಯೊಳಗೆ ತರುತ್ತದೆ. ನಮಗೆ ಕೊರೆಯುವ ಚಳಿ ಎನಿಸುವ ಗಾಳಿಯಲ್ಲೂ ಶಾಖ ಇದ್ದೇ ಇರುತ್ತದೆ. ಅತಿ ಕಡಿಮೆ ಉಷ್ಣತೆಯಲ್ಲಿಯೇ ಕುದಿಯುವ ಒಂದು ದ್ರವವು ಆ ಶಾಖವನ್ನು ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದು ಬಿಸಿಯೇರುತ್ತದೆ. ಆ ಬಿಸಿಯನ್ನು ಮನೆಯ ನೀರಿಗೆ ಕೊಟ್ಟು ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ವಿದ್ಯುತ್ ಖರ್ಚಾಗುವುದು ಶಾಖವನ್ನು ಹುಟ್ಟಿಸುವುದಕ್ಕಲ್ಲ, ಸಾಗಿಸುವುದಕ್ಕೆ. ಆದ್ದರಿಂದಲೇ ಒಂದು ಯೂನಿಟ್ ವಿದ್ಯುತ್ತಿಗೆ ಮೂರು, ಕೆಲವೊಮ್ಮೆ ನಾಲ್ಕು ಯೂನಿಟ್ ಶಾಖ ಮನೆಗೆ ಬರುತ್ತದೆ.

ಈ ತತ್ತ್ವವನ್ನು ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದವರು, 1852ರಲ್ಲಿಯೇ ವಿವರಿಸಿದ್ದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನಕ್ಕೆ 1938ರಲ್ಲಿ ಇಂತಹ ಯಂತ್ರ ಹಾಕಿದರು. ಪಕ್ಕದಲ್ಲೇ ಹರಿಯುವ ಲಿಮ್ಮಾಟ್ ನದಿಯ ತಣ್ಣೀರಿನಿಂದ ಶಾಖ ಎಳೆದು ಅದು ಆರು ದಶಕಗಳಿಗೂ ಹೆಚ್ಚು ಕಾಲ ಆ ಕಟ್ಟಡವನ್ನು ಬೆಚ್ಚಗಿಟ್ಟಿತು. 'ಚಳಿ ದೇಶದಲ್ಲಿ ಇದು ನಡೆಯುವುದಿಲ್ಲ' ಎಂದು ಹೇಳುವವರಿದ್ದಾರೆ. ಆದರೆ ಯೂರೋಪಿನಲ್ಲಿ ಹೀಟ್ ಪಂಪ್ ಬಳಕೆಯಲ್ಲಿ ಎಲ್ಲರಿಗಿಂತ ಮುಂದಿರುವುದು ನಾರ್ವೆ, ಸ್ವೀಡನ್ ಮತ್ತು ಫಿನ್ಲೆಂಡ್ ಎಂಬ ಮಹಾ ಚಳಿಯ ದೇಶಗಳೇ. ಚಳಿ ಹೆಚ್ಚಿದಷ್ಟೂ ಯಂತ್ರದ ದುಡಿಮೆ ಕಷ್ಟವಾಗಿ, ಮೂರು ಯೂನಿಟ್ ಎರಡಕ್ಕೆ ಇಳಿಯಬಹುದು ಎಂಬುದು ನಿಜ. ಗೋಡೆ, ಕಿಟಕಿಗಳಿಂದ ಶಾಖ ಸೋರುವ ಹಳೆಯ ಮನೆಗಳಲ್ಲಿ ಮೊದಲು ಆ ಸೋರಿಕೆಯನ್ನು ನಿಲ್ಲಿಸಬೇಕು ಎಂಬುದೂ ನಿಜ. ತೂತು ಕೊಡಕ್ಕೆ ಎಷ್ಟು ನೀರು ಸುರಿದರೇನು?

ಮನೆಯವರೂ ಮಾರಾಟಗಾರರಾದರು

ಈಗ ಎರಡನೆಯ ಭಾಗಕ್ಕೆ ಬರೋಣ. ಮನೆಯಲ್ಲಿ ತಯಾರಾದ ವಿದ್ಯುತ್ತನ್ನು ಕಂಪೆನಿ ಕೊಂಡುಕೊಳ್ಳಬೇಕು ಎಂಬ ಕಾನೂನು ಜರ್ಮನಿಯಲ್ಲಿ 1990ರಲ್ಲಿ ಅಂಗೀಕಾರವಾಗಿ 1991ರ ಜನವರಿ 1ರಂದು ಜಾರಿಗೆ ಬಂತು. ಬಹಳ ಚಿಕ್ಕ ಕಾನೂನು. ಆದರೆ ಅದು ಮಾಡಿದ ಕೆಲಸ ದೊಡ್ಡದು. ಅಲ್ಲಿಯವರೆಗೆ ತಂತಿಯ ಒಡೆಯರು ಕಂಪೆನಿಯವರು, ಬಿಲ್ಲು ಕಟ್ಟುವವರು ಜನರು. ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಈ ಕಾನೂನು ಅದೇ ತಂತಿಯಲ್ಲಿ ಮನೆಯಿಂದ ಹೊರಗೆ ಹರಿಯುವ ಹಕ್ಕನ್ನು ಕೊಟ್ಟಿತು.

ಆದರೆ ಆಗ ಸೌರ ಫಲಕಗಳ ಬೆಲೆ ವಿಪರೀತ. ಕಂಪೆನಿ ಕೊಡುವ ಹಣದಿಂದ ಹಾಕಿದ ಬಂಡವಾಳ ಹಿಂದೆ ಬರುತ್ತಿರಲಿಲ್ಲ. ಆಖೆನ್ ಎಂಬ ನಗರದ ಕೆಲವು ನಾಗರಿಕರು ಪಟ್ಟುಹಿಡಿದು, ಖರ್ಚು ಹುಟ್ಟುವಷ್ಟಾದರೂ ಬೆಲೆ ಕೊಡಿ ಎಂದು ಕೇಳಿದರು. 1995ರಿಂದ ಆ ನಗರದಲ್ಲಿ ಸೌರ ವಿದ್ಯುತ್ತಿಗೆ ಯೂನಿಟಿಗೆ ಎರಡು ಮಾರ್ಕ್ ಸಿಗತೊಡಗಿತು. ಇದೇ ವಿಚಾರ ದೇಶವ್ಯಾಪಿಯಾದದ್ದು 2000ದ ಏಪ್ರಿಲ್ 1ರಂದು. ಸಂಸತ್ ಸದಸ್ಯರಾದ ಹರ್ಮನ್ ಶೇರ್, ಹನ್ಸ್ ಜೋಸೆಫ್ ಫೆಲ್ ಮುಂತಾದವರ ಪ್ರಯತ್ನದಿಂದ ಬಂದ ಹೊಸ ಕಾನೂನು ಸೌರ ವಿದ್ಯುತ್ತಿಗೆ ಯೂನಿಟಿಗೆ 99 ಫೆನಿಗ್ ನಿಗದಿ ಮಾಡಿತು. ಈಗಿನ ಲೆಕ್ಕದಲ್ಲಿ ಸುಮಾರು 51 ಯೂರೋ ಸೆಂಟ್. ಆಗ ಒಂದು ಮನೆ ಕೊಳ್ಳುತ್ತಿದ್ದ ವಿದ್ಯುತ್ತಿನ ದರಕ್ಕಿಂತ ಮೂರು ಪಟ್ಟಿಗೂ ಹೆಚ್ಚು! ಅದಲ್ಲದೆ ಆ ಬೆಲೆ 20 ವರ್ಷಗಳ ತನಕ ಬದಲಾಗದು ಎಂಬ ಭರವಸೆ.

ಈ ಭರವಸೆಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ರೈತನಿಗೆ ಬೆಳೆಯ ಬೆಲೆ 20 ವರ್ಷ ಮುಂಚಿತವಾಗಿ ಗೊತ್ತಿದ್ದರೆ ಆತ ಧೈರ್ಯದಿಂದ ತೋಟ ಮಾಡುತ್ತಾನಲ್ಲವೇ? ಹಾಗೆಯೇ ಇಲ್ಲಿ ಶಿಕ್ಷಕರು, ರೈತರು, ಅಂಗಡಿಯವರು ತಮ್ಮ ಛಾವಣಿಗಳ ಮೇಲೆ ಫಲಕ ಹಾಕಿದರು. ಹೊಸದಾಗಿ ಸೇರುವವರಿಗೆ ಸಿಗುವ ಬೆಲೆಯನ್ನು ಕಾನೂನು ವರ್ಷ ವರ್ಷವೂ ಇಳಿಸುತ್ತಾ ಬಂತು. ಬೇಡಿಕೆ ಹೆಚ್ಚಿದಂತೆ ಕಾರ್ಖಾನೆಗಳು ಬೆಳೆದವು, ಚೀನಾ ಕೂಡ ರಂಗಕ್ಕಿಳಿಯಿತು, ಫಲಕಗಳ ಬೆಲೆ ಕುಸಿಯಿತು. ಇಂದು ನಮ್ಮ ಊರಿನ ಛಾವಣಿಗೆ ಫಲಕ ಇಷ್ಟು ಅಗ್ಗವಾಗಿ ಬರುತ್ತಿದೆಯೆಂದರೆ, ಅದರ ಹಿಂದೆ ಆ ವರ್ಷಗಳಲ್ಲಿ ದುಬಾರಿ ಬೆಲೆ ತೆತ್ತ ಜರ್ಮನ್ ಗ್ರಾಹಕರ ಹಣವೂ ಇದೆ. 2000ದಲ್ಲಿ ಜರ್ಮನಿಯ ವಿದ್ಯುತ್ತಿನಲ್ಲಿ ಗಾಳಿ, ಬಿಸಿಲು, ನೀರು ಮುಂತಾದವುಗಳ ಪಾಲು ಶೇ. 6ರ ಆಸುಪಾಸು ಇತ್ತು. 2023ರಿಂದ ಅದು ಅರ್ಧವನ್ನು ದಾಟಿದೆ.

ಈ ಸಂದರ್ಭದಲ್ಲಿ ಶೋನೌ ಎಂಬ ಸಣ್ಣ ಪಟ್ಟಣದ ಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ನಡುವೆ ಇರುವ, ಎರಡೂವರೆ ಸಾವಿರದಷ್ಟು ಜನರ ಊರು ಅದು. 1986ರಲ್ಲಿ ಚೆರ್ನೋಬಿಲ್ ಅಣು ಸ್ಥಾವರದ ದುರಂತ ನಡೆದಾಗ ಅದರ ವಿಷಧೂಳು ಅಲ್ಲಿಯವರೆಗೂ ಬಂತು. ಮಕ್ಕಳ ಹಾಲು, ತರಕಾರಿಗಳ ಬಗ್ಗೆ ಹೆದರಿದ ಕೆಲವು ತಂದೆ ತಾಯಂದಿರು ಒಂದುಗೂಡಿದರು. ಅವರಲ್ಲಿ ಐದು ಮಕ್ಕಳ ತಾಯಿ ಉರ್ಸುಲಾ ಸ್ಲಾಡೆಕ್ ಮತ್ತು ಅವರ ಪತಿ, ವೈದ್ಯ ಮಿಖಾಯೆಲ್ ಸ್ಲಾಡೆಕ್ ಇದ್ದರು. ಮೊದಲು ಅವರು ಊರಿನಲ್ಲಿ ವಿದ್ಯುತ್ ಉಳಿಸುವ ಸ್ಪರ್ಧೆ ಏರ್ಪಡಿಸಿದರು. ವಿದ್ಯುತ್ ಕಂಪೆನಿಗೆ ಇದು ರುಚಿಸಲಿಲ್ಲ. ಕೊನೆಗೆ, ಊರಿನ ತಂತಿಜಾಲವನ್ನೇ ನಾವು ಕೊಂಡುಕೊಳ್ಳುತ್ತೇವೆ ಎಂದರು. 1991 ಮತ್ತು 1996ರಲ್ಲಿ ಎರಡು ಬಾರಿ ಜನಮತ ನಡೆದು, ಎರಡರಲ್ಲೂ ಗೆದ್ದರು. 1997ರಲ್ಲಿ ತಂತಿಜಾಲ ಊರವರ ಕೈಗೆ ಬಂತು. 2011ರಲ್ಲಿ ಉರ್ಸುಲಾ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ದೊರೆಯಿತು. ಇಷ್ಟೆಲ್ಲಾ ಆದದ್ದು ತಮ್ಮ ಮಕ್ಕಳು ಕುಡಿಯುವ ಹಾಲಿನ ಬಗ್ಗೆ ತಾಯಂದಿರಿಗೆ ಹುಟ್ಟಿದ ಚಿಂತೆಯಿಂದ ಎಂಬುದನ್ನು ನೆನಪಿಡಿ.

ಲೆಕ್ಕ ತಲೆಕೆಳಗಾದದ್ದು

ಮೊದಲಿನ ವರ್ಷಗಳಲ್ಲಿ ಬುದ್ಧಿವಂತಿಕೆ ಯಾವುದಾಗಿತ್ತು? ಛಾವಣಿಯ ವಿದ್ಯುತ್ತನ್ನೆಲ್ಲಾ 51 ಸೆಂಟಿಗೆ ಮಾರಿ, ಮನೆಗೆ ಬೇಕಾದದ್ದನ್ನು ಅಗ್ಗದ ದರಕ್ಕೆ ಕೊಳ್ಳುವುದು. ಈಗ ಲೆಕ್ಕ ತಲೆಕೆಳಗಾಗಿದೆ. 2022ರಿಂದ ಈಚೆಗೆ ಹೊಸದಾಗಿ ಸೇರಿದ ಸಣ್ಣ ಮನೆಗಳಿಗೆ, ಮಿಕ್ಕ ವಿದ್ಯುತ್ತಿಗೆ ಸಿಗುವುದು ಯೂನಿಟಿಗೆ ಸುಮಾರು 8 ಸೆಂಟ್. ಕೊಳ್ಳುವಾಗ ಕೊಡಬೇಕಾದುದು 30 ಸೆಂಟಿಗೂ ಹೆಚ್ಚು. ಆದ್ದರಿಂದ ಈಗಿನ ಬುದ್ಧಿವಂತಿಕೆ, ಆದಷ್ಟನ್ನು ಮನೆಯಲ್ಲೇ ಬಳಸುವುದು. ಹೀಟ್ ಪಂಪ್ ಇಲ್ಲಿ ನೆರವಿಗೆ ಬರುತ್ತದೆ. ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ಅದು ನೀರು ಕಾಯಿಸಿ ಟ್ಯಾಂಕಿನಲ್ಲಿ ತುಂಬಿಸಿಟ್ಟರೆ ಸಂಜೆ ಮನೆಯವರಿಗೆಲ್ಲಾ ಸಾಕು.

ಒಂದು ಉದಾಹರಣೆಯ ಲೆಕ್ಕ ನೋಡೋಣ. ಛಾವಣಿಯಲ್ಲಿ 10 ಕಿಲೋವಾಟ್ ಫಲಕ ಇರುವ ಮನೆ ಜರ್ಮನಿಯಲ್ಲಿ ವರ್ಷಕ್ಕೆ ಸುಮಾರು 9,500 ಯೂನಿಟ್ ತಯಾರಿಸುತ್ತದೆ. ಆ ಮನೆಯ ದಿನಬಳಕೆಗೆ 3,500 ಯೂನಿಟ್, ಹೀಟ್ ಪಂಪಿಗೆ 4,000 ಯೂನಿಟ್, ಒಟ್ಟು 7,500 ಯೂನಿಟ್ ಬೇಕೆಂದು ಇಟ್ಟುಕೊಳ್ಳಿ. ತಯಾರಾದದ್ದು ಬೇಕಾದದ್ದಕ್ಕಿಂತ ಹೆಚ್ಚು. ಹಾಗಾದರೆ ಬಿಲ್ಲೇ ಬಾರದು ಎಂದು ನೀವು ಹೇಳಬಹುದು. ಇಲ್ಲೇ ಅನೇಕರು ಎಡವುವುದು. ಜರ್ಮನಿಯಲ್ಲಿ ಡಿಸೆಂಬರ್ ಮತ್ತು ಜನವರಿ ಎರಡೂ ತಿಂಗಳು ಸೇರಿದರೆ ವರ್ಷದ ಸೌರ ಉತ್ಪಾದನೆಯ ನೂರಕ್ಕೆ ಐದಾರು ಪಾಲು ಮಾತ್ರ ಸಿಗುತ್ತದೆ. ಅತಿ ಹೆಚ್ಚು ಬಿಸಿ ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಜೂನ್, ಜುಲೈಯಲ್ಲಿ ಉಕ್ಕಿ ಹರಿಯುವ ವಿದ್ಯುತ್ತನ್ನು ಡಿಸೆಂಬರಿಗೆ ಕಟ್ಟಿಡಲು ಆಗುವುದಿಲ್ಲ. ಮನೆಯ ಬ್ಯಾಟರಿ ಒಂದೆರಡು ರಾತ್ರಿಗೆ ಸಾಕು, ಆರು ತಿಂಗಳಿಗಲ್ಲ.

ಆದ್ದರಿಂದ ತಯಾರಾದ 9,500ರಲ್ಲಿ ಮನೆಯವರು ಸ್ವತಃ ಬಳಸುವುದು 3,000 ಯೂನಿಟ್ ಎಂದು ಹಿಡಿಯೋಣ. ಉಳಿದ 6,500 ಯೂನಿಟ್ಟನ್ನು 8 ಸೆಂಟಿಗೆ ಮಾರಿದರೆ 520 ಯೂರೋ ಬರುತ್ತದೆ. ಕೊರತೆಯ 4,500 ಯೂನಿಟ್ಟನ್ನು 30 ಸೆಂಟಿನಂತೆ ಕೊಂಡರೆ 1,350 ಯೂರೋ ಹೋಗುತ್ತದೆ. ಕಳೆದರೆ ವರ್ಷಕ್ಕೆ 830 ಯೂರೋ ಖರ್ಚು. ಇದೇ ಮನೆ ಅನಿಲ ಉರಿಸಿ, ವಿದ್ಯುತ್ತನ್ನೂ ಕೊಂಡಿದ್ದರೆ, ಅನಿಲಕ್ಕೆ ಯೂನಿಟಿಗೆ 11 ಸೆಂಟ್ ಹಿಡಿದರೂ ಎರಡೂ ಸೇರಿ 2,500 ಯೂರೋ ಆಗುತ್ತಿತ್ತು. ಉಳಿತಾಯ ದೊಡ್ಡದೇ. ಆದರೆ ಹೀಟ್ ಪಂಪ್ ಮತ್ತು ಫಲಕ ಎರಡಕ್ಕೂ ಸೇರಿ, ಸರಕಾರದ ಸಹಾಯಧನ ಕಳೆದ ಮೇಲೂ, 30,000 ಯೂರೋದಷ್ಟು ಕೈಯಿಂದ ಹಾಕಬೇಕಾಗಬಹುದು. ಅದು ಹಿಂದೆ ಬರಲು ಹದಿನೈದು ಇಪ್ಪತ್ತು ವರ್ಷವೇ ಬೇಕು. ಹಳೆಯ ಬಾಯ್ಲರ್ ಹೇಗೂ ಬದಲಿಸಬೇಕಾಗಿತ್ತು ಎಂದಾದರೆ ಹತ್ತು ಹನ್ನೆರಡು ವರ್ಷ. ಬೇಗ ಶ್ರೀಮಂತರಾಗುವ ದಾರಿ ಇದಲ್ಲ. ಮುಂದಿನ ಇಪ್ಪತ್ತು ವರ್ಷ ಮನೆಯ ಬಿಸಿಯ ಬೆಲೆಯನ್ನು ಯಾವ ಯುದ್ಧವೂ ಏರಿಸದಂತೆ ಮಾಡಿಕೊಳ್ಳುವ ದಾರಿ.

ಛಾವಣಿ ಇಲ್ಲದವರ ಪ್ರಶ್ನೆ

ಇನ್ನೊಂದು ಮಾತನ್ನು ಹೇಳದೆ ಹೋದರೆ ನ್ಯಾಯವಾಗದು. ಛಾವಣಿಯ ವಿದ್ಯುತ್ತಿಗೆ ಕೊಟ್ಟ ಆ ದುಬಾರಿ ಬೆಲೆಯನ್ನು ತೆತ್ತವರು ಯಾರು? ವಿದ್ಯುತ್ ಬಳಸುವ ಎಲ್ಲರೂ. ಪ್ರತಿಯೊಂದು ಬಿಲ್ಲಿನಲ್ಲೂ ಅದಕ್ಕಾಗಿ ಒಂದು ಶುಲ್ಕ ಸೇರುತ್ತಿತ್ತು. 2017ರಲ್ಲಿ ಅದು ಯೂನಿಟಿಗೆ 6.88 ಸೆಂಟ್ ತಲುಪಿತು. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯಲ್ಲಿರುವವರು. ಸ್ವಂತ ಛಾವಣಿ ಇರುವವನ ಖಾತೆಗೆ ಹಣ ಬರುತ್ತಿದ್ದಾಗ, ಬಾಡಿಗೆ ಕೋಣೆಯ ವಿಧವೆಯೂ ವಿದ್ಯಾರ್ಥಿಯೂ ಅದರ ಪಾಲು ಕಟ್ಟುತ್ತಿದ್ದರು. ಈ ಅಸಮಾಧಾನ ಬೆಳೆದು, 2022ರ ಜುಲೈ 1ರಿಂದ ಆ ಶುಲ್ಕವನ್ನು ಬಿಲ್ಲಿನಿಂದ ತೆಗೆದು, ಹೊರೆಯನ್ನು ಸರಕಾರದ ಬೊಕ್ಕಸಕ್ಕೆ ಹಾಕಲಾಯಿತು. ಬಾಡಿಗೆಯವರಿಗಾಗಿ ಬಾಲ್ಕನಿಗೆ ನೇತುಹಾಕುವ ಸಣ್ಣ ಫಲಕಗಳು ಬಂದವು. 2024ರಿಂದ 800 ವಾಟ್ ತನಕ ಇದಕ್ಕೆ ಸುಲಭ ಅನುಮತಿ ಇದೆ. 2025ರ ಹೊತ್ತಿಗೆ ಇಂತಹವು ಹತ್ತು ಲಕ್ಷ ದಾಟಿದವು.

ಸರಕಾರ ಅವಸರ ಮಾಡಿದರೆ ಏನಾಗುತ್ತದೆ ಎಂಬ ಪಾಠವೂ ಅಲ್ಲಿದೆ. 2023ರಲ್ಲಿ ಜರ್ಮನ್ ಸರಕಾರ, ಹೊಸದಾಗಿ ಹಾಕುವ ಬಾಯ್ಲರುಗಳಲ್ಲಿ ಶೇ. 65ರಷ್ಟು ಶಕ್ತಿ ನವೀಕರಿಸಬಹುದಾದ ಮೂಲದಿಂದ ಬರಬೇಕೆಂಬ ಕಾನೂನು ತಂದಿತು. 2024ರ ಜನವರಿ 1ರಿಂದ ಅದು ಹಂತ ಹಂತವಾಗಿ ಜಾರಿಗೆ ಬಂತು. ಆದರೆ ಕರಡು ಹೊರಬಿದ್ದಾಗಲೇ ಗದ್ದಲ ಎದ್ದಿತು. ನಮ್ಮ ನೆಲಮಾಳಿಗೆಗೆ ಸರಕಾರ ಕೈ ಹಾಕುತ್ತಿದೆ ಎಂದು ಜನ ಕೋಪಗೊಂಡರು. ಸಹಾಯಧನ ಎಷ್ಟು ಎಂಬುದು ಸ್ಪಷ್ಟವಾಗುವ ಮೊದಲೇ ಹೆದರಿಕೆ ಹರಡಿತು. 2023ರಲ್ಲಿ 3,56,000 ಹೀಟ್ ಪಂಪುಗಳು ಮಾರಾಟವಾಗಿದ್ದರೆ 2024ರಲ್ಲಿ 1,93,000ಕ್ಕೆ ಇಳಿಯಿತು. ಯಂತ್ರ ಕೆಟ್ಟದ್ದೇನೂ ಆಗಿರಲಿಲ್ಲ, ಜನರ ವಿಶ್ವಾಸ ಕೆಟ್ಟಿತ್ತು. ಮನೆ ಎಂಬುದು ಕುಟುಂಬದ ಜೀವಮಾನದ ಗಳಿಕೆ. ಅಲ್ಲಿ ಬದಲಾವಣೆ ತರಲು ಆಜ್ಞೆಗಿಂತ ಮೊದಲು ಮನವರಿಕೆ ಬೇಕು.

ಹೊಸದೊಂದು ತೊಡಕೂ ಬಂದಿದೆ. ಬೇಸಿಗೆಯ ಮಧ್ಯಾಹ್ನ ಎಲ್ಲರ ಛಾವಣಿಯೂ ಒಟ್ಟಿಗೇ ವಿದ್ಯುತ್ ಕೊಡುವಾಗ ಕೊಳ್ಳುವವರೇ ಇರುವುದಿಲ್ಲ. 2024ರಲ್ಲಿ ಜರ್ಮನಿಯ ವಿದ್ಯುತ್ ಮಾರುಕಟ್ಟೆಯಲ್ಲಿ 457 ಗಂಟೆಗಳ ಕಾಲ ಬೆಲೆ ಸೊನ್ನೆಗಿಂತಲೂ ಕೆಳಗಿತ್ತು. ಅಂದರೆ ವಿದ್ಯುತ್ ತೆಗೆದುಕೊಳ್ಳುವವನಿಗೇ ಹಣ ಕೊಡಬೇಕಾದ ಸ್ಥಿತಿ! 2025ರ ಫೆಬ್ರವರಿಯಿಂದ ಹೊಸ ಫಲಕಗಳಿಗೆ ಇಂತಹ ಗಂಟೆಗಳಲ್ಲಿ ಹಣ ಕೊಡದಿರುವ ನಿಯಮ ಬಂದಿದೆ. ತಂತಿಜಾಲ ಎಂಬುದು ಉಗ್ರಾಣವಲ್ಲ ಎಂಬ ಸತ್ಯವನ್ನು ಇದು ಕಲಿಸುತ್ತದೆ. ನೀವು ಮಾರಿದ ವಿದ್ಯುತ್ ಎಲ್ಲೋ ದಾಸ್ತಾನಾಗುವುದಿಲ್ಲ. ಅದೇ ಕ್ಷಣದಲ್ಲಿ ನಿಮ್ಮ ನೆರೆಯವರ ಮನೆಯಲ್ಲಿ ದೀಪವಾಗಿ, ಮಿಕ್ಸಿಯಾಗಿ ಖರ್ಚಾಗುತ್ತದೆ.

ನಮ್ಮ ಹಂಡೆ, ನಮ್ಮ ಛಾವಣಿ

ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಕೋಣೆಗಳಿಗೆ ಬಿಸಿ ಬೇಡ, ನಿಜ. ಆದರೆ ಸ್ನಾನದ ನೀರಿಗೆ ಬೇಕು. ಕರಾವಳಿ, ಮಲೆನಾಡಿನ ಬಚ್ಚಲುಗಳಲ್ಲಿ ಇವತ್ತಿಗೂ ಎಷ್ಟೋ ಹಂಡೆಗಳು ಸೌದೆ, ತೆಂಗಿನ ಮಡಲು, ಗೆರಟೆಗಳಿಂದ ಉರಿಯುತ್ತಿವೆ. ತೋಟ ಇರುವವರಿಗೆ ಅದು ಪುಕ್ಕಟೆ. ಆದರೆ ಬೆಳಗ್ಗೆ ಎದ್ದು ಆ ಹೊಗೆಯ ಮುಂದೆ ಕೂತು ಕಣ್ಣು ಉಜ್ಜಿಕೊಳ್ಳುವವರು ಮನೆಯ ಹೆಂಗಸರು ಎಂಬುದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಪಟ್ಟಣಗಳಲ್ಲಿ ಗೀಸರ್ ಬಂದಿದೆ. 2 ಕಿಲೋವಾಟಿನ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್. ದೊಡ್ಡ ಕುಟುಂಬದಲ್ಲಿ ತಿಂಗಳಿಗೆ 60 ಯೂನಿಟ್ ಇದಕ್ಕೇ ಹೋದೀತು.

ಇಲ್ಲಿ ನಮಗೆ ಜರ್ಮನಿಯವರಿಗಿಲ್ಲದ ಒಂದು ಭಾಗ್ಯವಿದೆ. ನಮ್ಮಲ್ಲಿ ಚಳಿಗಾಲದಲ್ಲೂ ಬಿಸಿಲು ಇರುತ್ತದೆ. ನಮಗೆ ಬಿಸಿನೀರು ಬೇಕಾದ ಡಿಸೆಂಬರ್, ಜನವರಿಯಲ್ಲಿಯೇ ಆಕಾಶ ಶುಭ್ರವಾಗಿರುತ್ತದೆ. ಬೆಂಗಳೂರಿನ ಛಾವಣಿಗಳ ಮೇಲೆ ಸೋಲಾರ್ ವಾಟರ್ ಹೀಟರುಗಳು ಸಾಲುಸಾಲಾಗಿ ಕಾಣುವುದು ಇದರಿಂದಲೇ. ನೀರು ಕಾಯಿಸುವುದಷ್ಟೇ ಉದ್ದೇಶವಾದರೆ, ಬಿಸಿಲಿನಿಂದ ನೇರವಾಗಿ ನೀರು ಕಾಯಿಸುವ ಈ ಟ್ಯಾಂಕೇ ಅತ್ಯಂತ ಸರಳ ದಾರಿ. ಆಸ್ಪತ್ರೆ, ಹಾಸ್ಟೆಲ್, ಹೋಟೆಲುಗಳಂತಹ ಕಡೆ ಈಗ ನಮ್ಮ ದೇಶದಲ್ಲೂ ನೀರು ಕಾಯಿಸುವ ಹೀಟ್ ಪಂಪುಗಳು ಬಂದಿವೆ. ನಮ್ಮ ಗಾಳಿ ಬೆಚ್ಚಗಿರುವುದರಿಂದ ಅವು ಇಲ್ಲಿ ಇನ್ನಷ್ಟು ಚೆನ್ನಾಗಿ ದುಡಿಯುತ್ತವೆ.

ವಿದ್ಯುತ್ ಮಾರುವ ವಿಷಯದಲ್ಲೂ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಛಾವಣಿಯ ಸೌರ ವಿದ್ಯುತ್ತಿಗೆ, ಸಹಾಯಧನ ಪಡೆಯದವರಿಗೆ ಯೂನಿಟಿಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತ್ತು. ಅದು ಬಹಳ ಆಕರ್ಷಕ ಬೆಲೆ. ಫಲಕ ಅಗ್ಗವಾದಂತೆ 2016ರಲ್ಲಿ ಅದನ್ನು ಇಳಿಸಲಾಯಿತು, ಅನಂತರವೂ ಇಳಿಯಿತು. ಈಗ ಹೊಸದಾಗಿ ಸೇರುವವರಿಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಜರ್ಮನಿಯಲ್ಲಿ ನಡೆದದ್ದೇ ಇಲ್ಲೂ ನಡೆಯಿತು ನೋಡಿ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಗುರಿ. 1 ಕಿಲೋವಾಟಿಗೆ 30,000, 2 ಕಿಲೋವಾಟಿಗೆ 60,000, 3 ಕಿಲೋವಾಟ್ ಮತ್ತು ಮೇಲಿನದಕ್ಕೆ 78,000 ರೂಪಾಯಿಯ ಸಹಾಯಧನ. ನಮ್ಮಲ್ಲಿ 1 ಕಿಲೋವಾಟ್ ಫಲಕ ಒಳ್ಳೆಯ ಬಿಸಿಲಿನ ದಿನ 4 ಯೂನಿಟ್‌ನಷ್ಟು ಕೊಡುತ್ತದೆ. ಕರಾವಳಿಯ ಜೂನ್, ಜುಲೈ ಮಳೆಯಲ್ಲಿ ಅದು ಬಹಳ ಇಳಿಯುತ್ತದೆ.

ಹಾಕಿಸುವ ಮುಂಚೆ ಕೆಲವು ವಿಷಯಗಳನ್ನು ಮನೆಯವರೆಲ್ಲ ಕೂತು ವಿಚಾರಿಸಿ. ಮೊದಲನೆಯದು, ನಿಮ್ಮ ಬಳಕೆ ಎಷ್ಟು? ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಯೋಜನೆಯಡಿ, ಹಿಂದಿನ ಸರಾಸರಿಯ ಆಧಾರದ ಮೇಲೆ, 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಸಿಗುತ್ತಿದೆ. ಅದರೊಳಗೇ ನಡೆಯುವ ಸಣ್ಣ ಕುಟುಂಬ ಬಿಲ್ಲು ಉಳಿಸುವುದಕ್ಕಾಗಿ ಫಲಕ ಹಾಕಿಸಿದರೆ ಹಣ ಹಿಂದೆ ಬರುವುದು ತಡ. ಏ.ಸಿ., ಗೀಸರ್, ಪಂಪು ಇರುವ, ದೊಡ್ಡ ಬಿಲ್ಲು ಬರುವ ಮನೆಗೆ ಲಾಭ ಹೆಚ್ಚು.

ಎರಡನೆಯದು, ನೆರಳು. ನಮ್ಮ ಹಿತ್ತಲಿನ ತೆಂಗಿನ ಮರ ಫಲಕದ ಒಂದು ಮೂಲೆಗೆ ನೆರಳು ಹಾಕಿದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರ ತನಕ ನೆರಳು ಎಲ್ಲಿ ಬೀಳುತ್ತದೆಂದು ನೀವೇ ನೋಡಿ. ಹಂಚಿನ ಮನೆಯಾದರೆ ಮರದ ಪಕ್ಕಾಸುಗಳು ಭಾರ ತಾಳುತ್ತವೆಯೇ ಎಂದು ಪರೀಕ್ಷಿಸಿ.

ಮೂರನೆಯದನ್ನು ಮಾರಾಟಗಾರರು ಹೆಚ್ಚಾಗಿ ಹೇಳುವುದಿಲ್ಲ. ಬ್ಯಾಟರಿ ಇಲ್ಲದೆ ತಂತಿಜಾಲಕ್ಕೆ ಜೋಡಿಸಿದ ಫಲಕಗಳು ಕರೆಂಟ್ ಹೋದ ಕೂಡಲೇ ತಾವೂ ನಿಂತುಬಿಡುತ್ತವೆ, ಮಧ್ಯಾಹ್ನದ ಬಿಸಿಲಿದ್ದರೂ ಸಹ. ಇದು ದೋಷವಲ್ಲ. ನಿಮ್ಮ ಮನೆಯಿಂದ ಹರಿದ ವಿದ್ಯುತ್ ಕಂಬ ಹತ್ತಿದ ಲೈನ್‌ಮ್ಯಾನಿನ ಜೀವ ತೆಗೆಯದಿರಲಿ ಎಂದು ಮಾಡಿದ ಏರ್ಪಾಡು. ಕರೆಂಟ್ ಹೋದಾಗಲೂ ದೀಪ ಬೇಕಾದರೆ ಬ್ಯಾಟರಿಯ ವ್ಯವಸ್ಥೆ ಬೇರೆ ಬೇಕು, ಅದರ ಖರ್ಚೂ ಬೇರೆ.

ನಾಲ್ಕನೆಯದು, ಒಪ್ಪಂದ. ಎರಡೂ ದಿಕ್ಕಿನ ಲೆಕ್ಕ ತೋರಿಸುವ ಮೀಟರ್ ಬಂತೇ, ಮಿಕ್ಕ ಯೂನಿಟಿಗೆ ಬೆಲೆ ಎಷ್ಟು, ಎಷ್ಟು ವರ್ಷಕ್ಕೆ ಎಂಬುದನ್ನು ಬರವಣಿಗೆಯಲ್ಲಿ ನೋಡಿಯೇ ಸಹಿ ಹಾಕಿ. ಇನ್ವರ್ಟರಿಗೆ ಎಷ್ಟು ವರ್ಷದ ವಾರಂಟಿ ಎಂದು ಕೇಳಿ. ಹದಿನೈದು ದಿನಕ್ಕೊಮ್ಮೆಯಾದರೂ ಧೂಳು ತೊಳೆಯುವ ಕೆಲಸ ಯಾರದೆಂದು ಮೊದಲೇ ತೀರ್ಮಾನಿಸಿ.

ಐದನೆಯದು, ಹಣ. ಇದಕ್ಕೆ ಬ್ಯಾಂಕುಗಳು ಸಾಲ ಕೊಡುತ್ತವೆ. ಬಡ್ಡಿಯ ಸಾಲಕ್ಕೆ ಮನಸ್ಸು ಒಪ್ಪದ ಕುಟುಂಬಗಳು ನಮ್ಮಲ್ಲಿ ಬಹಳ. ಅಂತಹವರು ಇದನ್ನೇ ನೆಪ ಮಾಡಿಕೊಂಡು ಕೈಬಿಡಬೇಕಾಗಿಲ್ಲ. ಮೊದಲು ಸೋಲಾರ್ ವಾಟರ್ ಹೀಟರ್ ಹಾಕಿಸಿ. ಕೈಯಲ್ಲಿ ಹಣ ಕೂಡಿದಾಗ 1 ಕಿಲೋವಾಟಿನಿಂದ ಆರಂಭಿಸಿ. ಆದರೆ ಮುಂದೆ ಹೆಚ್ಚಿಸಲು ಅವಕಾಶವಿರುವ ಇನ್ವರ್ಟರನ್ನು ಆರಿಸಿ, ಸಹಾಯಧನದ ನಿಯಮವನ್ನೂ ಮೊದಲೇ ವಿಚಾರಿಸಿ.

ಮಸೀದಿ, ಮದ್ರಸ, ಶಾಲೆಗಳ ವಿಶಾಲವಾದ ತಾರಸಿಗಳನ್ನೂ ಒಮ್ಮೆ ನೋಡಿ. ಹಗಲಿನ ಬಿಸಿಲು ಅಲ್ಲಿ ಸುಮ್ಮನೆ ಬಿದ್ದು ಹೋಗುತ್ತಿದೆ. ಶಾಲೆಗೆ ಎರಡು ತಿಂಗಳು ಬೇಸಿಗೆ ರಜೆ. ಆಗಲೇ ಬಿಸಿಲು ಹೆಚ್ಚು, ಬಳಕೆ ಕಡಿಮೆ, ಮಾರಲು ಮಿಗುವುದೂ ಆಗಲೇ. ಮನೆಗಳಿಗೆ ಇರುವ ಸಹಾಯಧನ ಮತ್ತು ದರ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಸಮಿತಿಯವರು ವಿದ್ಯುತ್ ಕಚೇರಿಗೆ ಹೋಗಿ ಪ್ರತ್ಯೇಕವಾಗಿ ವಿಚಾರಿಸಬೇಕು. ಶೋನೌ ಊರಿನವರು ಆರಂಭಿಸಿದ್ದು ಬೆರಳೆಣಿಕೆಯ ಮಂದಿಯಿಂದ ಎಂಬುದು ಸಮಿತಿಯ ಸಭೆಯಲ್ಲಿ ನೆನಪಿಗೆ ಬರಲಿ.

ಕೊನೆಗೆ ಒಂದು ಮಾತು. ಫಲಕ ಬಂತೆಂದು ಲೈಟು, ಫ್ಯಾನುಗಳನ್ನು ಸುಮ್ಮನೆ ಓಡಲು ಬಿಡುವುದು ಬೇಡ. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನನ್ನು ನಿಲ್ಲಿಸಿದರೆ, ಆ ವಿದ್ಯುತ್ ಅದೇ ಗಳಿಗೆಯಲ್ಲಿ ಆಚೆ ಮನೆಗೆ ಹೋಗುತ್ತದೆ. ಅಲ್ಲಿ ಯಾರದೋ ಮಗು ಪರೀಕ್ಷೆಗೆ ಓದುತ್ತಿರಬಹುದು, ಯಾರೋ ವೃದ್ಧರಿಗೆ ಉಸಿರಾಟದ ಯಂತ್ರ ನಡೆಯುತ್ತಿರಬಹುದು. ನಿಮ್ಮ ಹಳೆಯ ಬಿಲ್ಲುಗಳನ್ನು ಈ ವಾರವೇ ಹುಡುಕಿ ತೆಗೆಯಿರಿ, ಹನ್ನೆರಡು ತಿಂಗಳ ಯೂನಿಟ್ಟುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಕ್ಕಳಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಉಳಿದ ನಿರ್ಧಾರಗಳಿಗೆ ಆ ಹಾಳೆಯೇ ದಾರಿ ತೋರಿಸುತ್ತದೆ.